ಬ್ರಷ್ಷಿನಲ್ಲಿ ಬಂದ ಸಹಸ್ರಪದಿ

"ನಾಳೆ ಬೆಳಗ್ಗೆ ಗಣಿಯವರು ಈ ಗುಹೆಗೆ ಸಿಡಿಮದ್ದು ಇಡ್ತಾರೆ. ಇವತ್ತು ಒಂದಾದ್ರೂ ಸಿಗ್ಲೇಬೇಕು," ಎಂದು ಅಕ್ಕ ಸೊಂಟಕ್ಕೆ ಹಗ್ಗ ಬಿಗಿದಳು.

ಗುಹೆಯೊಳಗಿನ ಬಿಳಿ ಸಹಸ್ರಪದಿಯ ಕಾಲಿಗೆ ಅಂಟಿಕೊಂಡು, ಅದರ ರಸ ಹೀರಿ ಬದುಕುವ ಹಳದಿ ಶಿಲೀಂಧ್ರ. ಎರಡು ವರ್ಷದ ಅವಳ ಸಂಶೋಧನೆಯೆಲ್ಲ ಅದರ ಮೇಲೆ ನಿಂತಿತ್ತು. ಅವಳ ತಮ್ಮ, ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಹಗ್ಗದಲ್ಲಿ ನೇತಾಡುವುದು ಅವನ ದಿನನಿತ್ಯದ ಕೆಲಸವಾದ್ದರಿಂದ ಅವನನ್ನೂ ಎಳೆದು ತಂದಿದ್ದಳು.

"ನಿಂಗೆ ಬೇಕಾಗಿರೋದು ಹುಳಾನಾ, ಬೂಷ್ಟಾ?"

"ಬೂಷ್ಟು. ಆದ್ರೆ ಹುಳದ ಮೇಲಿರೋದು."

"ಅಂದ್ರೆ ಹುಳಕ್ಕೆ ಕಾಯಿಲೆ."

"ಕಾಯಿಲೆ ಅನ್ನೋಕಾಗಲ್ಲ ಕಣೋ. ಅದು ಆರಾಮಾಗೇ ಓಡಾಡ್ಕೊಂಡಿರುತ್ತೆ."

ತಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಹಗ್ಗ ಹಿಡಿದು ಇಳಿದ.

ಒಳಗೆ ಕವಲಿನ ಮೇಲೆ ಕವಲು. ಸೂರಿನಿಂದ ತೊಟ್ಟಿಕ್ಕಿದ ನೀರು ಕಲ್ಲನ್ನು ಬೆಣ್ಣೆಯಂತೆ ನುಣುಪಾಗಿಸಿತ್ತು. ದಾರಿ ತಪ್ಪದಿರಲೆಂದು ಕವಲು ಸಿಕ್ಕಲ್ಲೆಲ್ಲ ಇಬ್ಬರಲ್ಲಿ ಯಾರು ಮುಂದಿದ್ದರೋ ಅವರು ಸುಣ್ಣದ ಕಡ್ಡಿಯಿಂದ ಬಾಣ ಗೀಚುತ್ತ ಹೋದರು. ಕೊನೆಯ ಕೋಣೆಯಲ್ಲಿ ಕೊಳೆತ ಎಲೆಗಳಡಿ ಸಹಸ್ರಪದಿಗಳು ಸಿಕ್ಕವು. ತಮ್ಮ ತನ್ನ ಹಳೇ ಬ್ರಷ್ಷಿನಿಂದ ನಾಜೂಕಾಗಿ ಒಂಬತ್ತನ್ನು ಡಬ್ಬಿಗೆ ತಳ್ಳಿ, ಬ್ರಷ್ಷನ್ನು ಜೇಬಿಗೆ ಸಿಕ್ಕಿಸಿಕೊಂಡ.

ಟಾರ್ಚು ಹಿಡಿದ ಅಕ್ಕ ಮುಂದೆ, ತಮ್ಮ ಅವಳ ಹಿಂದೆ ವಾಪಸು ಹೊರಟರು. ಬಾಣ ತೋರಿಸಿದತ್ತ ತಿರುಗಿದರು. ಮತ್ತೆ ತಿರುಗಿದರು.

ಅದೇ ಕಂಬದಂಥ ಕಲ್ಲು! ಮೂರನೇ ಸಲ!

ಟಾರ್ಚು ಮಂಕಾಯಿತು. ಗಾಬರಿಯಲ್ಲಿ ಅಕ್ಕ ಜಾರಿದಳು. ತಮ್ಮ ಅವಳ ತೋಳು ಹಿಡಿದ, ಡಬ್ಬಿ ಕೈತಪ್ಪಿತು. ಎಲ್ಲೋ ಆಳದಲ್ಲಿ ನೀರು 'ಬುಳುಕ್' ಎಂದಿತು.

ಅಕ್ಕ ಗೋಡೆ ಹಿಡಿದು ಎದ್ದಳು. ಅಲ್ಲಿದ್ದ ಬಾಣದ ಮೇಲೆ ಬೆಳಕು ಬಿಟ್ಟಳು. "ಇದು ಹೊರಗಿನ ದಾರಿ ತಾನೇ?"

"ಅಲ್ಲ, ಒಳಗಿಂದು. ಗೋಡೆ ಮೇಲೆ ನಾವು ಬಣ್ಣ ಬಳಿಯೋರು ಬಾಣ ಹಾಕೋದು ಮುಂದೆ ಎಲ್ಲಿ ಕೆಲಸ ಇದೆ ಅಂತ ತೋರ್ಸೋಕೆ!"

"ಅಯ್ಯೋ ಪುಣ್ಯಾತ್ಮ! ನಾನು ಹಾಕಿದ್ದು ಹೊರಕ್ಕೆ!"

ಒಂದು ಕ್ಷಣ ಇಬ್ಬರೂ ಪಿಳಿಪಿಳಿ ನೋಡಿದರು. ತಮ್ಮನೇ ಚೇತರಿಸಿಕೊಂಡ. "ದಪ್ಪ ಗೆರೆ ನಂದು, ತೆಳ್ಳಗಿರೋದು ನಿಂದು. ದಪ್ಪದ್ದು ಸಿಕ್ರೆ ಉಲ್ಟಾ ಹೋಗೋಣ."

ದಪ್ಪ, ಉಲ್ಟಾ. ತೆಳು, ನೇರ. ತೆವಳಿದರು, ಏರಿದರು. ಕೊನೆಗೆ ಮುಖಕ್ಕೆ ಬಿಸಿಲು ಬಡಿಯಿತು.

ಅಕ್ಕ ಬಂಡೆಯ ಮೇಲೆ ಕುಸಿದು ಬಿಕ್ಕಿದಳು. ಅವಳಿಗೆ ಕೊಡಲು ಕರವಸ್ತ್ರಕ್ಕಾಗಿ ತಮ್ಮ ಜೇಬಿಗೆ ಕೈ ಹಾಕಿದರೆ ಬ್ರಷ್ಷು ಬಂತು. ಬ್ರಷ್ಷಿನ ಕೂದಲ ನಡುವೆ ಏನೋ ಬೆಳ್ಳಗೆ ಸುರುಳಿ ಸುತ್ತಿಕೊಂಡಿತ್ತು.

"ಅಕ್ಕಾ, ಇದೊಂದು ನಮ್ಮ ಜೊತೆಗೇ ಬಂದುಬಿಟ್ಟಿದೆ."

ಅವಳು ಭೂತಗನ್ನಡಿ ತೆಗೆದು ಅದರ ಮೇಲೆ ಹಿಡಿದಳು. ಕಾಲುಗಳ ಮೇಲೆ ಕೂದಲೆಳೆಯಷ್ಟು ಸಣ್ಣ ಹಳದಿ ಮೊಳಕೆಗಳು. "ಇದೆ ಕಣೋ! ಇದೆ!"

ತಮ್ಮನೂ ಇಣುಕಿದ. "ಇಷ್ಟೇನಾ?"

"ಇಷ್ಟೇ," ಎಂದು ಅಕ್ಕ ಅಳುತ್ತಲೇ ನಕ್ಕಳು.

ಅವನಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. ಆದರೂ ಗುಡ್ಡ ಇಳಿಯುವವರೆಗೆ ಆ ಬ್ರಷ್ಷನ್ನು ಎರಡೂ ಕೈಯಲ್ಲಿ ಹಿಡಿದೇ ನಡೆದ.