ಓಗೊಡದ ಊರು

ಬಹಳ ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟಿರದ ಕಾಲದಲ್ಲಿ, ಬೊಹೇಮಿಯಾ ಎಂಬ ರಾಜ್ಯದ ಒಂದು ಮೂಲೆಯಲ್ಲಿ ಲಿಪೊವೆತ್ಸ್ ಎಂಬ ಸೀಮೆ ಇತ್ತು. ಸೀಮೆ ಎಂದರೆ ದೊಡ್ಡದೇನಲ್ಲ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟರೆ ಸಂಜೆಯೊಳಗೆ ಈ ತುದಿಯಿಂದ ಆ ತುದಿಗೆ ನಡೆದುಬಿಡಬಹುದು. ಮೇಲೆ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಹೊರ್ನಿಕಾ ಎಂಬ ಊರು. ಅದರ ಕೆಳಗೆ ದಟ್ಟ ಕಾಡು, ಕಾಡಿನೊಳಗೆ ಗಾಜು ಊದುವವರ ಗುಡಿಸಲುಗಳು. ಕಾಡು ಮುಗಿದಲ್ಲಿ ಕೆರೆ, ಏರಿಯ ಕೆಳಗೆ ಮೀನುಗಾರರ ರಿಬೊವ್ಕಾ. ಅದಕ್ಕೂ ಕೆಳಗೆ ಕುರಿ ಸಾಕುವವರ ಬ್ರೆಜಾನಿ. ಎಲ್ಲಕ್ಕಿಂತ ಕೆಳಗೆ, ಹೊಳೆ ಬಳಸಿ ಹೋಗುವಲ್ಲಿ, ಸಂತೆ ನೆರೆಯುವ ಲಿಪೊವೆತ್ಸ್ ಪೇಟೆ. ಗಾಜಿನವರು ಮೀನುಗಾರರನ್ನು ನಾರುವವರು ಅನ್ನುತ್ತಿದ್ದರು, ಮೀನುಗಾರರು ಕುರಿಯವರನ್ನು ಪೆದ್ದರು ಅನ್ನುತ್ತಿದ್ದರು, ಪೇಟೆಯವರು ಇವರೆಲ್ಲರನ್ನೂ ಸೇರಿಸಿ ಕಾಡುಜನ ಅನ್ನುತ್ತಿದ್ದರು. ಹಾಗಂತ ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯುತ್ತಲೂ ಇರಲಿಲ್ಲ.

ಆ ಸೀಮೆಗೊಂದು ಪದ್ಧತಿ ಇತ್ತು. ಪ್ರತಿ ಊರಿನ ನಡುವೆ ಒಂದು ಗಂಟೆಗೋಪುರ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಮೊದಲು ಹೊರ್ನಿಕಾದ ಗಂಟೆ ಮೊಳಗುತ್ತಿತ್ತು. ಅದನ್ನು ಕೇಳಿ ರಿಬೊವ್ಕಾದವರು ತಮ್ಮ ಗಂಟೆ ಹೊಡೆಯಬೇಕು. ಅದನ್ನು ಕೇಳಿ ಬ್ರೆಜಾನಿ, ಕೊನೆಗೆ ಪೇಟೆಯ ದೊಡ್ಡ ಗಂಟೆ. ಇದ್ದೀರಾ ಎಂದು ಮೇಲಿನವರು ಕೇಳುವುದು, ಇದ್ದೇವೆ ಎಂದು ಕೆಳಗಿನವರು ಓಗೊಡುವುದು. ಮೇಲಿನ ಗಂಟೆ ಕೇಳದೆ ಯಾರೂ ತಮ್ಮ ಗಂಟೆ ಮುಟ್ಟುವಂತಿರಲಿಲ್ಲ. ಕರೆಯಿಲ್ಲದೆ ಹೊಡೆಯುವ ಗಂಟೆ ಸಾವಿನದು ಮಾತ್ರ ಎಂದು ಎಲ್ಲರೂ ನಂಬಿದ್ದರು.

ಹೊರ್ನಿಕಾದಲ್ಲಿ ಹುಟ್ಟಿ ರಿಬೊವ್ಕಾಗೆ ಸೊಸೆಯಾಗಿ ಬಂದವಳು ದೊರೊತಾ. ಗಂಡ ಪ್ರೊಕೊಪ್ ಮೀನಿನ ಗಾಡಿ ಹೊಡೆದುಕೊಂಡು ರಾಜಧಾನಿಗೆ ಹೋಗಿದ್ದ. ಮನೆಯಲ್ಲಿ ಇದ್ದವರು ಅವಳು ಮತ್ತು ಅವಳ ಮಾವ ವಾವ್ರಾ. ವಾವ್ರಾ ಆ ಊರಿನ ಹಿರಿಯ. ಒಳ್ಳೆಯ ಮನುಷ್ಯನೇ, ಆದರೆ ಸಿಟ್ಟು ಬಂದರೆ ತನ್ನ ಮೂಗನ್ನೇ ಕೊಯ್ದುಕೊಂಡಾನು. ಪ್ರತಿ ಸಂಜೆ ತವರಿನ ಗಂಟೆ ಕೇಳಿದಾಗ ದೊರೊತಾಳಿಗೆ ತಾಯಿ ಅನೆಷ್ಕಾಳ ಧ್ವನಿಯೇ ಕೇಳಿದಂತಾಗುತ್ತಿತ್ತು. ಅಲ್ಲಿ ಹಗ್ಗ ಎಳೆಯುತ್ತಿದ್ದವಳು ಅವಳ ತಾಯಿಯೇ.

ಆ ವರ್ಷ ಎಲೆ ಉದುರುವ ಕಾಲದಲ್ಲಿ, ರಿಬೊವ್ಕಾದವರು ಕೆರೆಯ ನೀರು ಇಳಿಸಿ ಗೆಂಡೆ ಮೀನು ಹಿಡಿಯುವ ದಿನವೇ, ಹೊರ್ನಿಕಾದವರು ತಮ್ಮ ಮೇಲಿನ ಕೆರೆಯ ತೂಬು ತೆಗೆದರು. ನೀರು ನುಗ್ಗಿ ಬಂತು. ಅರ್ಧಕ್ಕರ್ಧ ಮೀನು ಕೋಡಿ ಹಾರಿ ಹೊಳೆ ಸೇರಿತು. ಅದೇ ಹೊತ್ತಿಗೆ ಸೂಜಿ ದಾರ ಮಾರುವ ಮುದುಕನೊಬ್ಬ ಊರಿಗೆ ಬಂದ. ಬೂದು ಬಣ್ಣದ ಕೋಟು ತೊಟ್ಟಿದ್ದ. ಬಿಸಿಲಿದ್ದರೂ ಆ ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೊರ್ನಿಕಾದವರು ಬೇಕಂತಲೇ ಮಾಡಿದ್ದು ಯಜಮಾನರೇ. ತೂಬಿನ ಮೇಲೆ ನಿಂತು ನಗ್ತಾ ಇದ್ರು, ನಾನೇ ಕಣ್ಣಾರೆ ಕಂಡೆ" ಎಂದ ಮುದುಕ.

ವಾವ್ರಾನ ಮುಖ ಕೆಂಪೇರಿತು. "ಹಾಗಾದ್ರೆ ಇನ್ನು ಆ ಊರಿನ ಗಂಟೆಗೆ ನಾವು ಓಗೊಡೋದಿಲ್ಲ!" ಎಂದ. ಯಾರಾದರೂ ಮನಸ್ಸು ಕರಗಿ ಹೊಡೆದುಬಿಟ್ಟಾರು ಎಂದು ಗಂಟೆಯ ಹಗ್ಗವನ್ನೇ ಕತ್ತರಿಸಿ ಕೆರೆಗೆ ಎಸೆದ.

ಮೊದಲ ಸಂಜೆ ಹೊರ್ನಿಕಾದ ಗಂಟೆ ಮೊಳಗಿತು. ರಿಬೊವ್ಕಾ ಸುಮ್ಮನಿತ್ತು. ಎರಡನೆಯ ಸಂಜೆ ಅದು ಬಹಳ ಹೊತ್ತು ಮೊಳಗಿತು. ಮೂರನೆಯ ಸಂಜೆ ನಿಂತು ನಿಂತು, ಮತ್ತೆ ಮತ್ತೆ ಮೊಳಗಿತು. ದೊರೊತಾ ಗೋಪುರದ ಕೆಳಗೆ ನಿಂತು ಕೈ ಹಿಸುಕಿಕೊಂಡಳು. ಮಾವನಿಗೆ ಎದುರಾಡಲು ಅವಳಿಗೆ ಧೈರ್ಯ ಬರಲಿಲ್ಲ. ಮಾರನೆಯ ದಿನ ಬೆಟ್ಟದ ಮೇಲೆ ಮಂಜು ಕವಿದಿತ್ತು. ಆ ಸಂಜೆ ಗಂಟೆ ಕೇಳಲಿಲ್ಲ. ತವರಿಗೆ ಹೋಗುವ ದಾರಿ ಹಿಡಿದು ನಡೆದರೆ, ಅದು ತಿರುಗಿ ತಿರುಗಿ ಅವಳನ್ನು ಅವಳ ಹಿತ್ತಲಿಗೇ ತಂದು ಬಿಡುತ್ತಿತ್ತು.

ಮಂಜು ಅಲ್ಲಿಗೇ ನಿಲ್ಲಲಿಲ್ಲ. ಇಳಿದು ಬಂದು ಗಾಜಿನವರ ಕಾಡನ್ನು ನುಂಗಿತು. ಆಮೇಲೆ ಏರಿಯ ಮೇಲಿದ್ದ ಮೀನುಗಾರ ಕುಬಾತನ ಮನೆಯನ್ನು, ಕುಬಾತನ ಸಮೇತ ನುಂಗಿತು. ಊರಿನವರು ದಿನವಿಡೀ ಬಾಗಿಲಲ್ಲಿ ನಿಂತು ಏರಿಯ ಕಡೆ ನೋಡುವುದು, ನಿಟ್ಟುಸಿರು ಬಿಟ್ಟು ಒಳಗೆ ಹೋಗುವುದು. ಬ್ರೆಜಾನಿಯವರು ರಿಬೊವ್ಕಾದ ಗಂಟೆಗೆ ಕಾದರು, ಪೇಟೆಯವರು ಬ್ರೆಜಾನಿಯ ಗಂಟೆಗೆ ಕಾದರು. ಮೇಲಿನವರು ಹೊಡೆಯಲಿ ಎಂದು ಕಾಯುತ್ತ ಇಡೀ ಸೀಮೆ ಮೂಕವಾಯಿತು.

ದೊರೊತಾ ಅಳುತ್ತ ಕೆರೆಯ ಬಳಿ ಹೋದಳು. ಆ ಕೆರೆಯಲ್ಲಿ ಬೆನ್ನ ಮೇಲೆ ಪಾಚಿ ಬೆಳೆದ ಒಂದು ಮುದಿ ಗೆಂಡೆ ಇತ್ತು. ಯಾವ ಬಲೆಗೂ ಸಿಗದ ಮೀನು. ಅದು ತಲೆ ಎತ್ತಿ ಮಾತಾಡಿತು.

"ಮೂರು ಸಂಜೆ ಯಾರೂ ಓಗೊಡದ ಊರು ಮಂಜಿನ ಪಾಲಾಗ್ತದೆ ಮಗಳೇ. ನಿನ್ನ ತಾಯಿ ಇನ್ನೂ ಸತ್ತಿಲ್ಲ. ಆದ್ರೆ ಮೊದಲ ಹಿಮ ಬಿದ್ದ ಮೇಲೆ ಯಾರೂ ವಾಪಸು ಬರೋದಿಲ್ಲ."

"ಏನು ಮಾಡ್ಲಿ ಹೇಳು ಅಜ್ಜಾ!"

"ಮೇಲಕ್ಕೆ ಹೋಗು. ಆ ಗಂಟೆ ಹೊಡಿ. ಇಲ್ಲಿಂದ ಯಾರಾದ್ರೂ ಓಗೊಟ್ಟರೆ ಊರು ಬಿಡುಗಡೆ ಆಗ್ತದೆ" ಎಂದು ಗೆಂಡೆ ಕೆಸರಿಗಿಳಿಯಿತು.

ದೊರೊತಾ ಆಕಾಶ ನೋಡಿದಳು. ಮೋಡ ಹಿಮ ಹೊತ್ತು ಬೆಳ್ಳಗಿತ್ತು. ಓಡುತ್ತ ಮನೆಗೆ ಬಂದು ಮಾವನಿಗೆ ಎಲ್ಲ ಹೇಳಿದಳು. ವಾವ್ರಾ ಬಲೆ ಹೆಣೆಯುತ್ತ ಕೂತಿದ್ದ. ತಲೆ ಎತ್ತಲಿಲ್ಲ.

"ಹಗ್ಗ ಕೆರೆ ತಳದಲ್ಲಿದೆ" ಎಂದ.

"ಹಗ್ಗ ಇಲ್ದಿದ್ರೆ ಬೇರೆ ಏನಾದ್ರೂ ಮಾಡಿ ಮಾವ. ಹೊರ್ನಿಕಾದವರಿಗೋಸ್ಕರ ಬೇಡ. ಅಲ್ಲಿ ಹೊಡೆಯೋಳು ನಾನು. ನನಗೋಸ್ಕರ ಓಗೊಡಿ."

ವಾವ್ರಾ ಬಲೆಯ ಗಂಟು ಬಿಗಿಯುತ್ತಲೇ ಇದ್ದ. ಅವಳು ಶಾಲು ಬಿಗಿದುಕೊಂಡು ಹೊರಟೇಬಿಟ್ಟಳು.

ಮಂಜಿನ ಅಂಚಿನಲ್ಲಿ ಆ ಬೂದುಕೋಟಿನ ಮುದುಕ ನಿಂತಿದ್ದ. "ಒಳಗೆ ಹೋಗ್ತೀಯಾ ತಾಯಿ? ಹೋಗು. ಬೆನ್ನು ತಿರುಗಿಸದೆ ನಡೆದ್ರೆ ದಾರಿ ಮೇಲಕ್ಕೇ ಒಯ್ಯುತ್ತೆ. ಒಂದು ಮಾತು ನೆನಪಿಟ್ಕೋ. ಮಂಜಿನಲ್ಲಿ ಯಾರಾದ್ರೂ ಕರೆದ್ರೆ ಓ ಅನ್ನಬೇಡ. ಅಂದ್ಯೋ, ಹೋದೆ" ಎಂದ. ಪಾಪ, ಹೆದರಿದವರಿಗೆ ಯಾರು ಏನು ಹೇಳಿದರೂ ಹೌದೆನ್ನಿಸುತ್ತದೆ. ದೊರೊತಾ ತಲೆಯಾಡಿಸಿ ಒಳಗೆ ನಡೆದಳು.

ಏರಿಯ ಮೇಲೆ ಮಂಜು ಮೊಣಕಾಲುದ್ದ ಇತ್ತು. "ಯಾರದು? ಏರಿ ಮೇಲೆ ಯಾರಾದ್ರೂ ಇದ್ದೀರಾ?" ಎಂದು ಒಂದು ಧ್ವನಿ ಕೂಗಿತು. ಕುಬಾತನ ಧ್ವನಿ! ದೊರೊತಾಳ ಮದುವೆಯಲ್ಲಿ ಕುಡಿದು ಕುಣಿದು ಕೆರೆಗೆ ಬಿದ್ದಿದ್ದ ಕುಬಾತ. ಓ ಎಂಬುದು ಅವಳ ಬಾಯಿಗೆ ಬಂದಿತ್ತು, ನುಂಗಿಕೊಂಡಳು. ಮಂಜು ಸೊಂಟದವರೆಗೆ ಏರಿತು.

ಕಾಡಿನಲ್ಲಿ ಮತ್ತೊಂದು ಧ್ವನಿ. "ಕುಲುಮೆ ಆರಿಹೋಗಿದೆ. ಮಕ್ಕಳಿಗೆ ಚಳಿ. ಯಾರಾದ್ರೂ ಇದ್ದೀರಾ?" ಗಾಜಿನವರ ಹೆಂಗಸು. ದೊರೊತಾ ಶಾಲನ್ನು ಬಾಯಿಗೆ ಒತ್ತಿಕೊಂಡು ಓಡಿದಳು. ಮಂಜು ಕತ್ತಿನವರೆಗೆ ಬಂತು. ಅಂಗೈ ಎತ್ತಿ ನೋಡಿದಳು: ಕೈಯ ಆಚೆಗಿದ್ದ ಮರ ಕೈಯೊಳಗಿಂದಲೇ ಕಾಣುತ್ತಿತ್ತು. ಓ ಅನ್ನದಿದ್ದರೂ ನಾನು ಕರಗುತ್ತಿದ್ದೇನಲ್ಲ! ಕಾಲು ನೆಲ ಮುಟ್ಟುತ್ತಿದೆಯೋ ಇಲ್ಲವೋ ಎಂಬುದೂ ಅವಳಿಗೆ ತಿಳಿಯಲಿಲ್ಲ.

ಬೆಟ್ಟದ ಏರಿನಲ್ಲಿ ಮೂರನೆಯ ಧ್ವನಿ ಕರೆಯಿತು.

"ದೊರೊತಾ? ನೀನೇನಾ?"

ಅವಳ ತಾಯಿ.

ದೊರೊತಾ ನಿಂತಳು. ಮಂಜು ತುಟಿಗೆ ತಾಕುತ್ತಿತ್ತು. ಓ ಅಂದರೆ ಹೋದೆ ಎಂದಿದ್ದ ಮುದುಕ. ಆದರೆ ಹಾಗೆ ಹೇಳಿದವನು ಯಾರು? ಹೊರ್ನಿಕಾದವರು ನಕ್ಕರು ಎಂದು ಹೇಳಿದವನೂ ಅವನೇ. ಮೂರು ಸಂಜೆ ಕರೆದರೂ ನಾವು ಬಾಯಿ ಬಿಡದೆ ಇದ್ದದ್ದಕ್ಕೇ ಅಲ್ಲವೆ ಇದೆಲ್ಲ ಆಗಿದ್ದು? ಅಮ್ಮ ಕರೆದಾಗ ಓ ಅನ್ನದೆ ಉಳಿದು ನಾನು ಮಾಡುವುದಾದರೂ ಏನು?

"ಓ ಅಮ್ಮಾ! ನಾನೇ! ಬಂದೆ!" ಎಂದು ಎದೆ ಬಿರಿಯುವಂತೆ ಕೂಗಿದಳು.

ಮಂಜು ಹರಿದು ದೂರ ಸರಿಯಿತು. ಕೈ ಮತ್ತೆ ಕೈಯಾಯಿತು. ಅವಳು ಕೆಳಕ್ಕೆ ತಿರುಗಿ ಗಾಜಿನವಳಿಗೂ ಓ ಅಂದಳು, ಕುಬಾತನಿಗೂ ಓ ಅಂದಳು. "ಅಂತೂ ಒಬ್ಬರು ಸಿಕ್ಕಿದರಪ್ಪಾ!" ಎಂದು ಕುಬಾತ ಅಳುವುದು ಕೇಳಿಸಿತು.

ಹೊರ್ನಿಕಾದ ಗೋಪುರದ ಸುತ್ತ ಊರಿಗೆ ಊರೇ ನಿಂತಿತ್ತು. ಎಲ್ಲರ ಮುಖವೂ ಮಸುಕು, ಮೈಯೂ ಮಸುಕು. ಅನೆಷ್ಕಾ ಹಗ್ಗ ಜಗ್ಗುತ್ತಲೇ ಇದ್ದಳು, ಗಂಟೆ ತೂಗುತ್ತಲೇ ಇತ್ತು, ಸದ್ದು ಮಾತ್ರ ಇಲ್ಲ.

"ನಮ್ಮ ಮೇಲಿನ ಕೆರೆ ಏರಿ ಒಡೆಯೋ ಹಾಗಿತ್ತು ಮಗಳೇ. ಒಡೆದಿದ್ರೆ ನಿಮ್ಮೂರು ಕೊಚ್ಚಿ ಹೋಗ್ತಿತ್ತು. ಅದಕ್ಕೇ ತೂಬು ತೆಗೆದ್ವಿ. ಹೇಳಿ ಬಾ ಅಂತ ಆ ಸೂಜಿ ಮಾರೋನ ಕೈಲಿ ಹೇಳಿ ಕಳಿಸಿದ್ವಿ" ಎಂದಳು ತಾಯಿ.

"ಕಳಿಸಿದ್ರು, ಹೌದು" ಎಂದಿತು ಒಂದು ಧ್ವನಿ. ಬೂದುಕೋಟಿನವನು ಬೇಲಿಯ ಪಕ್ಕದಲ್ಲಿ ನಿಂತಿದ್ದ. ಮಂಜು ಅವನ ಕೋಟಿನ ತೋಳಿನಿಂದಲೇ ಸುರಿಯುತ್ತಿತ್ತು. "ಹೊಡಿ ತಾಯಿ, ಗಂಟೆ ಹೊಡಿ. ಮೂರು ಸಲ ಹೊಡಿ. ನಿನ್ನ ಮಾವನನ್ನು ನಾನು ಬಲ್ಲೆ."

ದೊರೊತಾ ಹಗ್ಗ ಹಿಡಿದಳು. ಅವಳ ಗಟ್ಟಿ ಕೈಗೆ ಗಂಟೆ ಢಣ್ ಎಂದಿತು. ಎಲ್ಲರೂ ಕಿವಿಗೊಟ್ಟರು. ಕೆಳಗಿನಿಂದ ಏನೂ ಇಲ್ಲ. ಮುದುಕನ ಕೋಟಿನಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳುತ್ತಿತ್ತು.

ಎರಡನೆಯ ಸಲ ಹೊಡೆದಳು. ಏನೂ ಇಲ್ಲ. ಮಾವನಿಗೆ ಎಪ್ಪತ್ತರ ಮೊಣಕಾಲು, ಗೋಪುರಕ್ಕೆ ಏಣಿಯೂ ಮುರುಕು, ಹಗ್ಗವಂತೂ ಕೆರೆಯಲ್ಲಿ. ಬಂದಿದ್ದರೂ ಏನು ಮಾಡಿಯಾರು? ಅವಳಿಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಅವಳ ರೆಪ್ಪೆಯ ಮೇಲೆ ತಣ್ಣಗೆ ಏನೋ ಕೂತಿತು. ಹಿಮದ ಒಂದೇ ಒಂದು ಚೂರು. ನೆಲಕ್ಕೆ ಇನ್ನೂ ಬಿದ್ದಿರಲಿಲ್ಲ.

ಮೂರನೆಯ ಸಲ ಹೊಡೆದಳು. ಕಣ್ಣು ಮಿಟುಕಿಸದೆ ನಿಂತಳು. ರೆಪ್ಪೆ ಅಲುಗಿದರೆ ಹಿಮ ಬೀಳುತ್ತದೆ. ಕಣ್ಣು ಉರಿಯಿತು. ಕೆಳಗಿನಿಂದ ಏನೂ ಇಲ್ಲ. ಇಲ್ಲ. ಇಲ್ಲ.

ಠಕ್.

ಅದು ಗಂಟೆಯ ಸದ್ದಿನಂತಿರಲಿಲ್ಲ. ಮತ್ತೆ ಠಕ್, ಠಣ್, ಠಕ್. ದೊರೊತಾ ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೆ ಮಾಡಿದಳು. ಆ ಸದ್ದು ಅವಳು ದಿನಾ ಅಡುಗೆಮನೆಯಲ್ಲಿ ಕೇಳುತ್ತಿದ್ದ ಸದ್ದು. ಗೆಂಡೆ ಮೀನಿನ ತಲೆಗೆ ಹೊಡೆಯುವ ಮರದ ಸುತ್ತಿಗೆ! ಮಾವ ಮುರುಕು ಏಣಿ ಹತ್ತಿ, ಗಂಟೆಯನ್ನು ತಬ್ಬಿಕೊಂಡು, ಮೀನಿನ ಸುತ್ತಿಗೆಯಿಂದ ಬಡಿಯುತ್ತಿದ್ದರು.

ಅದನ್ನು ಕೇಳಿ ಬ್ರೆಜಾನಿ ಓಗೊಟ್ಟಿತು. ಬ್ರೆಜಾನಿಯನ್ನು ಕೇಳಿ ಪೇಟೆಯ ದೊಡ್ಡ ಗಂಟೆ ಓಗೊಟ್ಟಿತು. ಮಂಜು ಬೇಲಿಗಳಿಂದ, ಸೂರುಗಳಿಂದ, ಕಾಡಿನಿಂದ ಕಿತ್ತು ಹೋಯಿತು. ಹೊರ್ನಿಕಾದವರು ಒಬ್ಬೊಬ್ಬರಾಗಿ ಕೆಮ್ಮುತ್ತ, ಕಣ್ಣುಜ್ಜುತ್ತ ಗಟ್ಟಿಯಾದರು. ಈಗ ಕರಗುತ್ತಿದ್ದವನು ಬೂದುಕೋಟಿನವನು. ಕಾಲು ಹೋಯಿತು, ಸೊಂಟ ಹೋಯಿತು.

"ಯಾರಾದ್ರೂ ಇದ್ದೀರಾ?" ಎಂದು ಅವನು ಕೂಗಿದ. ಧ್ವನಿ ಬದಲಾಗಿತ್ತು. "ಹಿಮ ಬೀಳ್ತಾ ಇದೆ. ಬಾಗಿಲು ತೆಗೀರಿ. ನಾನು ಸೂಜಿ ಮಾರೋನು. ಯಾರಾದ್ರೂ ಇದ್ದೀರಾ?"

ಆಗ ಎಲ್ಲರಿಗೂ ಹೊಳೆಯಿತು. ಎಷ್ಟೋ ಕಾಲದ ಹಿಂದೆ ಹಿಮದಲ್ಲಿ ಒಬ್ಬ ವ್ಯಾಪಾರಿ ಮನೆ ಮನೆಯ ಬಾಗಿಲು ತಟ್ಟಿ ಕೂಗಿದ್ದ. ಅವನು ಕೆಳಗಿನ ಊರಿನವನು, ಅವರೇ ನೋಡಿಕೊಳ್ಳಲಿ ಎಂದು ಮೇಲಿನವರು ಸುಮ್ಮನಿದ್ದರು. ಮೇಲಿನ ಊರಿನವನು ಎಂದು ಕೆಳಗಿನವರು ಸುಮ್ಮನಿದ್ದರು. ಬೆಳಗಾಗುವಷ್ಟರಲ್ಲಿ ಅವನು ಹಿಮದಡಿ ಮುಚ್ಚಿಹೋಗಿದ್ದ. ಇದನ್ನು ಅಜ್ಜಿಯರು ಹೇಳುತ್ತಿದ್ದರು, ಆದರೆ ಯಾವಾಗಲೂ ತಗ್ಗಿದ ಧ್ವನಿಯಲ್ಲಿ.

ಯಾರೂ ಬಾಯಿ ತೆರೆಯಲಿಲ್ಲ. ದೊರೊತಾಳಿಗೂ ಮನಸ್ಸಿರಲಿಲ್ಲ. ತನ್ನ ತಾಯಿಯನ್ನು ನುಂಗಿದವನು, ತನ್ನನ್ನು ಕರಗಿಸಲು ನೋಡಿದವನು. ಕರಗಲಿ, ತೊಲಗಲಿ ಅನ್ನಿಸಿತು. ಬರೀ ಕೋಟಿನ ಕಾಲರು, ಅದರ ಮೇಲೆ ಹೆದರಿದ ಎರಡು ಕಣ್ಣು ಉಳಿದಿದ್ದವು.

"ಓ" ಎಂದಳು ದೊರೊತಾ. "ಇದ್ದೀವಿ. ಒಳಗೆ ಬಾರಯ್ಯಾ."

ಬೇಲಿಯ ಪಕ್ಕದಲ್ಲಿ ಒದ್ದೆ ಕೋಟಿನ ಒಬ್ಬ ಮುದುಕ ನಡುಗುತ್ತ ನಿಂತಿದ್ದ. ಬರೀ ಮುದುಕ. ಮಾಯೆ ಗೀಯೆ ಏನೂ ಇರಲಿಲ್ಲ. ಅನೆಷ್ಕಾ ಗೊಣಗುತ್ತಲೇ ಅವನಿಗೆ ಎಲೆಕೋಸಿನ ಸಾರು ಬಿಸಿ ಮಾಡಿಕೊಟ್ಟಳು. ಹೊರಗೆ ಹಿಮ ಬೀಳತೊಡಗಿತು. ಮಕ್ಕಳು ಕುಣಿದರು.

ಪ್ರೊಕೊಪ್ ರಾಜಧಾನಿಯಿಂದ ಬಂದಾಗ ಊರಿನ ಗಂಟೆಗೆ ಹಗ್ಗ ಯಾಕಿಲ್ಲ ಎಂದು ಕೇಳಿದ. ಹೊಸ ಹಗ್ಗ ಕಟ್ಟಲು ದೊರೊತಾ ಬಿಡಲಿಲ್ಲ. ಅಂದಿನಿಂದ ರಿಬೊವ್ಕಾದವರು ಗೋಪುರ ಹತ್ತಿ ಸುತ್ತಿಗೆಯಿಂದಲೇ ಓಗೊಡುತ್ತಾರೆ. ಪೇಟೆಯವರು ಆ ಸದ್ದು ಕೇಳಿ ನಗುತ್ತಾರೆ, ನಗುನಗುತ್ತಲೇ ತಮ್ಮ ಗಂಟೆ ಹೊಡೆಯುತ್ತಾರೆ. ಎಲ್ಲರೂ ಉಂಡು, ಜಗಳವಾಡಿ, ಮತ್ತೆ ಉಂಡು, ಬಹಳ ಕಾಲ ಸುಖವಾಗಿದ್ದರು. ವಾವ್ರಾ ಮಾತ್ರ ಮುರುಕು ಏಣಿ ಹತ್ತಿದ್ದಕ್ಕೆ ಚಳಿಗಾಲವೆಲ್ಲ ಮೊಣಕಾಲು ಹಿಡಿದುಕೊಂಡು ಸೊಸೆಯನ್ನು ಬೈದ.

"ಮೊದಲ ಸಲಕ್ಕೇ ಯಾಕೆ ಓಗೊಡಲಿಲ್ಲ ಮಾವ? ಜೀವ ಹೋದ ಹಾಗಾಗಿತ್ತು ನನಗೆ" ಎಂದು ಅವಳು ಒಮ್ಮೆ ಕೇಳಿದಳು.

"ಮೊದಲ ಸಲಕ್ಕೇ ಏಣಿಗೆ ಕಾಲಿಟ್ಟಿದ್ದೆ ಕಣಮ್ಮಾ" ಎಂದ ವಾವ್ರಾ. "ಹತ್ತೋದಕ್ಕೆ ಅಷ್ಟು ಹೊತ್ತು ಬೇಕಾಯ್ತು."