ಇಪ್ಪತ್ತೆರಡನೇ ಸಾಲು

ಸೋಮವಾರ ಬೆಳಗ್ಗೆ ೧೧.೧೦ಕ್ಕೆ ದೂರು ಠಾಣೆಗೆ ಬಂತು. ವಿಮಾನದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ಕುರ್ಚಿಯಲ್ಲಿ ಕುಳಿತಿದ್ದಳು. ಅಳು ಬತ್ತಿಹೋಗಿತ್ತು. ಅವಳ ಪರವಾಗಿ ದೂರು ಬರೆದುಕೊಟ್ಟವನು ಜೊತೆಗೆ ಬಂದಿದ್ದ ಮೈದುನ.

"ಎಲ್ಲರ ತಲೆ ಮೇಲೂ ಆಕ್ಸಿಜನ್ ಮಾಸ್ಕ್ ಬಿತ್ತಂತೆ ಸಾರ್. ನಮ್ಮೋರಿಗೆ ಯಾಕೆ ಬೀಳಲಿಲ್ಲ? ಅದೊಂದು ಹೇಳಿ ಸಾಕು," ಎಂದಳು.

ಇನ್‌ಸ್ಪೆಕ್ಟರ್ ಎಫ್‌ಐಆರ್ ಹಾಕಿದರು. ವಿಮಾನದ ವಿಷಯದಲ್ಲಿ ಅವರಿಗೆ ಗೊತ್ತಿದ್ದದ್ದು ಸೊನ್ನೆ. ಮಧ್ಯಾಹ್ನವೆಲ್ಲ ವಿಮಾನಯಾನ ತಜ್ಞ ವೈದ್ಯರ ಎದುರು ಶಾಲೆ ಹುಡುಗನ ಹಾಗೆ ಕುಳಿತು ಬರೆದುಕೊಂಡರು: ಮೂವತ್ತಾರು ಸಾವಿರ ಅಡಿ. ಬಾಗಿಲ ಅಂಚಿನ ರಬ್ಬರ್ ಕಿತ್ತುಹೋಗಿ ಒಳಗಿನ ಒತ್ತಡ ಒಮ್ಮೆಲೇ ಇಳಿದಿದೆ. ಮಾಸ್ಕ್ ಇಲ್ಲದವನಿಗೆ ಬುದ್ಧಿ ನೆಟ್ಟಗಿರುವುದು ಅರ್ಧ ನಿಮಿಷ. ಮೃತನ ಹೃದಯ ಮೊದಲೇ ದುರ್ಬಲ.

ಪಕ್ಕದ ಸೀಟಿನ ಪ್ರಯಾಣಿಕ ಆಚೆ ಸಾಲಿನ ಹೆಚ್ಚುವರಿ ಮಾಸ್ಕ್ ಹಿಡಿದು ಬದುಕಿದ್ದ.

"ಪಕ್ಕದಲ್ಲಿದ್ದೋರನ್ನ ಕರೀಲಿಲ್ವಾ?" ಎಂದು ಇನ್‌ಸ್ಪೆಕ್ಟರ್ ಅವನನ್ನು ಕೇಳಿದರು.

"ಕರೆದೆ ಸಾರ್. ಉಗುರೆಲ್ಲ ನೀಲಿ. ನಂಗೇನೂ ಆಗಿಲ್ಲ ಅಂತ ಕೈ ಆಡಿಸಿ ನಕ್ಕರು. ನಗ್ತಾನೇ ತಲೆ ವಾಲಿಸಿದ್ರು."

ಬುಧವಾರ ೯.೩೦ಕ್ಕೆ ವಿಮಾನದೊಳಗೆ ಪಂಚನಾಮೆ ನಡೆಯಿತು. ಠಾಣೆಯಲ್ಲಿ ಎಲ್ಲರೂ ಕನ್ನಡಕ ಎಂದೇ ಕರೆಯುವ ಪೇದೆ ಇಪ್ಪತ್ತೆರಡನೇ ಸಾಲಿನ ಸೀಟಿನ ಮೇಲೆ ಹತ್ತಿ, ಮಾಸ್ಕ್ ಡಬ್ಬಿಯ ಮುಚ್ಚಳವನ್ನು ಉಗುರಿನಿಂದ ಕೆರೆದ.

"ಟೇಪ್ ಅಂಟಿಸವ್ರೆ ಸಾರ್. ಬಿಳಿ ಮೇಲೆ ಬಿಳಿ."

ನಿರ್ವಹಣಾ ಪುಸ್ತಕದಲ್ಲಿ ವಿಮಾನ ಹಾರಿದ ದಿನದ ನಮೂದು: "ಮುಚ್ಚಳದ ಕೊಂಡಿ ಸಡಿಲ. ಸರಿಪಡಿಸಿದೆ." ಕೆಳಗೆ ತಂತ್ರಜ್ಞನ ಸಹಿ. ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. ದೂರು ಬರೆದುಕೊಟ್ಟ ಮೈದುನನ ಹೆಸರೇ. ಅವರಿಗೆ ಸಿಟ್ಟೂ ಬರಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಕಡತದಿಂದ ದೂರಿನ ಪ್ರತಿ ತೆಗೆದು ಸಹಿಯ ಪಕ್ಕ ಇಟ್ಟು ನೋಡಿದರು.

೩.೪೫ಕ್ಕೆ ಅವನು ಎದುರು ಕುಳಿತಿದ್ದ.

"ಸಹಿ ನಿಂದೇನಾ?"

"ನಂದೇ."

"ಯಾಕೆ ಹಂಗ್ಮಾಡ್ದೆ?"

"ಡಬ್ಬಿ ಕೆಟ್ಟಿದ್ರೆ ಆ ಸಾಲು ಖಾಲಿ ಬಿಡ್ಬೇಕು, ಅದು ನಿಯಮ. ವಿಮಾನ ತುಂಬಿತ್ತು. ಅಣ್ಣಂದು ನೌಕರರ ಮನೆಯವರಿಗೆ ಕೊಡೋ ಟಿಕೆಟ್ಟು, ಸೀಟು ಉಳಿದ್ರೆ ಮಾತ್ರ. ಮಾರನೇ ದಿನ ಅಮ್ಮನಿಗೆ ಆಪರೇಷನ್. ದೊಡ್ಡೋನ ಮುಖ ನೋಡದೆ ಒಳಗೆ ಹೋಗಲ್ಲ ಅಂತ ಹಠ ಹಿಡಿದಿದ್ರು."

"ಅದಕ್ಕೆ ಸರಿಯಾಗಿದೆ ಅಂತ ಬರೆದೆ."

"ಬರೆದೆ. ಆ ಸಾಲಿನ ಸೀಟೂ ಕೊಟ್ರು. ಅಣ್ಣನಿಗೆ ಸೀಟು ಸಿಕ್ತು."

"ಮತ್ತೆ ದೂರು ಯಾಕಪ್ಪಾ ಬರ್ಕೊಟ್ಟೆ?"

"ಅತ್ತಿಗೆ ಬರಿ ಅಂದ್ರು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

೪.೨೦ಕ್ಕೆ ಬಂಧನ. ಮನೆಯವರಿಗೆ ತಿಳಿಸಬೇಕು, ಯಾರ ನಂಬರ್ ಎಂದು ಕನ್ನಡಕ ಕೇಳಿದ. ಅವನು ಅತ್ತಿಗೆಯ ನಂಬರ್ ಹೇಳಿದ. ಇನ್‌ಸ್ಪೆಕ್ಟರ್ ತಾವೇ ಫೋನ್ ಮಾಡಿದರು.

"ಗೊತ್ತಾಯ್ತಾ ಸಾರ್?" ಎಂದಳು ಅವಳು. "ಒಂದ್ನಿಮಿಷ ತಡೀರಿ. ಇದೆಲ್ಲ ನಂಗೆ ತಿಳಿಯಲ್ಲ. ಮೈದುನ ಬರ್ಲಿ, ಅವನಿಗೇ ಹೇಳಿ."

ಇನ್‌ಸ್ಪೆಕ್ಟರ್ ಫೋನನ್ನು ಕಿವಿಗೆ ಹಿಡಿದೇ ಕುಳಿತರು.