ಅವಳ ಹೆಸರಿನ ಮದುವೆ ರಜೆ

“ನಿಮ್ಮ ಯಜಮಾನ್ರು ಹೇಗಿದ್ದಾರೆ?”

ಐದು ವರ್ಷಗಳ ಮೇಲೆ ಕಣ್ಣೆದುರು ನಿಂತವನು ಕೇಳಿದ ಮೊದಲ ಮಾತು ಇದು! ಅವಳ ಕೈಯಲ್ಲಿದ್ದ ಟೀ ತುಳುಕಿತು.

‘ಯಜಮಾನ್ರಾ? ಇವನಿಗೇನು ತಲೆ ಕೆಟ್ಟಿದೆಯಾ?’

ಕಿಟಕಿ ಪಕ್ಕದ ಅದೇ ಮೇಜು. ಒಂದು ಕಾಲದಲ್ಲಿ ಇಲ್ಲೇ ಇಬ್ಬರೂ ಅಕ್ಕಪಕ್ಕ ಕುಳಿತು ಆಫೀಸಿನ ವೆಬ್‌ಸೈಟಿಗೆ ಕೋಡ್ ಬರೆದಿದ್ದರು. ಅವಳ ಮೂಗಿನ ತುದಿಯ ಕೋಪಕ್ಕೆ ಅವನು ಇಟ್ಟ ಹೆಸರು ಮೆಣಸಿನಕಾಯಿ. ಅವನ ಉದ್ದ ಕಾಲಿಗೆ ಅವಳು ಇಟ್ಟದ್ದು ಕೊಕ್ಕರೆ. ಒಂದೇ ಬಿಸ್ಕತ್ತು ಮುರಿದು ತಿಂದ ಆ ಸಂಜೆಗಳು...

ಪ್ರೀತಿಯ ಮಾತು ಬಂದರೆ ಮಾತ್ರ ಇಬ್ಬರ ಬಾಯಿಗೂ ಬೀಗ. ಒಂದು ದಿನ “ಒಳ್ಳೇದಾಗ್ಲಿ” ಎಂದಷ್ಟೇ ಹೇಳಿ ಅವನು ಬೇರೆ ಶಾಖೆಗೆ ಹೊರಟುಹೋದ. ಅವಳು ಬಚ್ಚಲಿನ ನಲ್ಲಿ ತಿರುಗಿಸಿಕೊಂಡು ಅತ್ತಳು. ಕಾರಣ ಹೇಳದೆ ಹೋದವನನ್ನು ತಾನೇಕೆ ಕೇಳಬೇಕು ಎಂಬ ಹಠ ಬೇರೆ.

ಈಗ ಆ ಹಳೆಯ ಕೋಡ್ ತಿದ್ದಲು ಕಂಪನಿ ಅವನನ್ನೇ ಕಳಿಸಿತ್ತು. ಸಂಜೆಗೆ ಮತ್ತೆ ವಾಪಸು.

“ನನಗೆ ಮದುವೆ ಆಗಿದೆ ಅಂತ ಯಾರು ಹೇಳಿದ್ದು?”

“ನಾನೇ ನೋಡಿದ್ನಲ್ಲ! ನಾನು ಹೊರಟ ದಿನ ನಿಮ್ಮ ಹೆಸರಲ್ಲಿ ಮದುವೆ ರಜೆ ಅರ್ಜಿ... ಆಫೀಸಿನ ವೆಬ್‌ಸೈಟಲ್ಲೇ.”

ಅವಳಿಗೆ ನಗು, ಅಳು ಒಟ್ಟಿಗೇ ಬಂದವು.

“ಅಯ್ಯೋ, ಅದು ಅಕೌಂಟ್ಸ್ ವಿಭಾಗದ ಅಕ್ಕನ ಅರ್ಜಿ! ತಪ್ಪಿ ನನ್ನ ಹೆಸರಲ್ಲಿ ಹೋಗಿತ್ತು. ಮರುದಿನ ಆಫೀಸೆಲ್ಲ ಬಿದ್ದೂ ಬಿದ್ದೂ ನಕ್ಕಿತು. ನೀನೊಬ್ಬನೇ ಇರ್ಲಿಲ್ಲ!”

ಅವನು ಲ್ಯಾಪ್‌ಟಾಪ್ ತೆರೆದ. ಮಿಡಲ್‌ವೇರ್... ವೆಬ್‌ಸೈಟಿಗೆ ಬರುವ ಪ್ರತಿ ರಿಕ್ವೆಸ್ಟನ್ನೂ ಬಾಗಿಲಲ್ಲೇ ತಡೆದು, ಕಳಿಸಿದವರು ಯಾರೆಂದು ಗುರುತು ಹಿಡಿಯುವ ಭಾಗ. ಒಂದು ಸಾಲಿನ ಮೇಲೆ ಅವನ ಬೆರಳು ನಿಂತಿತು.

“ಕಳಿಸಿದವರ ಹೆಸರನ್ನ ಆಯಾ ರಿಕ್ವೆಸ್ಟ್ ಜೊತೆಗೇ ಇಡಬೇಕಿತ್ತು. ಇಲ್ಲಿ ಎಲ್ಲರ ಹೆಸರಿಗೂ ಸೇರಿ ಒಂದೇ ವೇರಿಯಬಲ್, ಒಂದೇ ಡಬ್ಬಿ! ಅಕ್ಕ ಅರ್ಜಿ ಕಳಿಸಿದ ಕ್ಷಣಕ್ಕೇ ನೀನೂ ಏನೋ ಕ್ಲಿಕ್ ಮಾಡಿದ್ದೀಯ. ಅವರ ಹೆಸರು ಹೋಗಿ ನಿನ್ನ ಹೆಸರು ಕೂತಿದೆ.”

“ಬರೆದ ಮಹಾನುಭಾವರು ಯಾರೋ?”

“ನಾನೇ...” ಅವನು ಆ ಸಾಲಿನಿಂದ ಬೆರಳು ತೆಗೆದ. “ನನ್ನ ತಪ್ಪನ್ನೇ ನಂಬಿ ನಿನ್ನನ್ನ ಬಿಟ್ಟು ಹೋದೆ, ಮೆಣಸಿನಕಾಯಿ!”

ಯಾವುದನ್ನೂ ಹತ್ತು ಸಲ ಪರೀಕ್ಷಿಸದೆ ಬಿಡದವನು ಇದೊಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದ.

“ಒಂದು ಮಾತು ಕೇಳಬಾರದಿತ್ತಾ, ಕೊಕ್ಕರೆ?”

“ಹೌದು ಅಂದುಬಿಟ್ರೆ ಅನ್ನೋ ಭಯ. ಅಷ್ಟು ಇಷ್ಟ ಇತ್ತು... ಇವತ್ತಿಗೂ ಇದೆ.”

ಅವಳ ಕಣ್ಣು ತುಂಬಿ ಬಂತು. ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಮುರಿದು ಅರ್ಧವನ್ನು ಅವನ ಮುಂದೆ ಹಿಡಿದಳು.

“ಮೊದಲು ಆ ಸಾಲು ಸರಿ ಮಾಡು. ಆಮೇಲೆ ನಿಜವಾಗ್ಲೂ ಮದುವೆ ರಜೆ ಹಾಕ್ತೀನಿ.”

“ಹುಡುಗ ಯಾರು... ಅಂತ ಕೇಳ್ಲಾ?”

“ಈ ಸಲನಾದ್ರೂ ಕೇಳೋ!”